ಡರ್ಬನ್ನಿನ ಬನ್ನಿ ಚೌ ಮನೆಯಲ್ಲಿ ಮಾಡುವಾಗ ಬ್ರೆಡ್ಡಿನ ತಳ ಒಡೆಯದಂತೆ ಏನು ಮಾಡಬೇಕು?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮನೆಗೆ ಕಳೆದ ವರ್ಷ ಹೋಗಿ ಮೂರು ವಾರ ಇದ್ದು ಬಂದೆ. ಅಲ್ಲಿಯ ಭಾರತೀಯರ ಅಂಗಡಿಗಳಲ್ಲಿ ಸಿಗುವ ಬನ್ನಿ ಚೌ ಎಂಬ ತಿನಿಸು ಅಂದಿನಿಂದ ನನ್ನ ನಾಲಿಗೆಯನ್ನು ಬಿಟ್ಟಿಲ್ಲ. ಹೆಸರು ಕೇಳಿದರೆ ನಮ್ಮ ಕಿವಿಗೆ ಯಾರೋ ಊಟಕ್ಕೆ ಕರೆದಂತೆಯೇ ಇದೆ. ತಿಳಿಯದವರಿಗಾಗಿ ಹೇಳುವುದಾದರೆ, ಹೋಳು ಮಾಡದ ಇಡೀ ಬ್ರೆಡ್ಡಿನ ಕಾಲು ಭಾಗವನ್ನೋ ಅರ್ಧವನ್ನೋ ತೆಗೆದುಕೊಂಡು, ಅದರ ತಿರುಳನ್ನು ತೋಡಿ, ಆ ಗುಳಿಗೆ ಕುರಿಮಾಂಸದ, ಕೋಳಿಯ ಅಥವಾ ಕಾಳಿನ ಖಾರವಾದ ಕರಿಯನ್ನು ತುಂಬಿ, ತೋಡಿದ ತಿರುಳನ್ನೇ ಮುಚ್ಚಳದಂತೆ ಮೇಲಿಟ್ಟು ಕೊಡುತ್ತಾರೆ. ಚಮಚ ಕೊಡುವುದಿಲ್ಲ, ಕೈಯಲ್ಲಿಯೇ ತಿನ್ನಬೇಕು. ಅಂಗಡಿಯ ಮುಂದೆ ನಿಂತವರು ತಿನಿಸಿನ ಪೂರ್ತಿ ಹೆಸರನ್ನೂ ಹೇಳುವುದಿಲ್ಲ. ‘ಕ್ವಾರ್ಟರ್ ಮಟನ್’, ‘ಕ್ವಾರ್ಟರ್ ಬೀನ್ಸ್’ ಎಂದರೆ ಸಾಕು.

ಊರಿಗೆ ಬಂದ ಮೇಲೆ ಎರಡು ಸಲ ಮಾಡಿ ನೋಡಿದೆ, ಎರಡೂ ಸಲ ಕೆಟ್ಟಿತು. ಮನೆಯ ಹತ್ತಿರದ ಬೇಕರಿಯಲ್ಲಿ ಆಗತಾನೇ ಒಲೆಯಿಂದ ಇಳಿಸಿದ್ದ ಬ್ರೆಡ್ಡನ್ನು ಹೋಳು ಮಾಡಿಸದೆ ತಂದು, ನಾಲ್ಕು ತುಂಡು ಮಾಡಿ, ಚೆನ್ನಾಗಿ ಕಂಡ ನಡುವಿನ ಎರಡು ತುಂಡುಗಳನ್ನು ತೋಡಿ, ನಾವು ಭಾನುವಾರ ಮಾಡುವ ಮಟನ್ ಸಾರನ್ನೇ ಸ್ವಲ್ಪ ಗಟ್ಟಿಯಾಗಿ ಮಾಡಿ ತುಂಬಿದೆ. ತಟ್ಟೆಯನ್ನು ಊಟದ ಮನೆಗೆ ಒಯ್ಯುವಷ್ಟರಲ್ಲಿ ತಳ ನೆನೆದು ಒಡೆದು, ಸಾರೆಲ್ಲ ತಟ್ಟೆಗೆ ಹರಿಯಿತು. ಎರಡನೆಯ ಸಲ ಬ್ರೆಡ್ಡಿನ ಒಳಮೈಯನ್ನು ತುಪ್ಪ ಸವರಿ ಕಾವಲಿಯ ಮೇಲೆ ಕಾಯಿಸಿ ನೋಡಿದೆ. ಆಗ ಅದು ಒಡೆಯುವುದು ತಡವಾಯಿತೇ ಹೊರತು ರುಚಿ ಡರ್ಬನ್ನಿನದಾಗಲಿಲ್ಲ. ರಸವನ್ನು ಹೀರಿ ಮೆತ್ತಗಾಗಬೇಕಾದ ಬ್ರೆಡ್ಡು ರಸ್ಕಿನಂತೆ ಬೇರೆಯಾಗಿಯೇ ಉಳಿಯಿತು.

ಹಾಗಾಗಿ ಬಲ್ಲವರಲ್ಲಿ ಕೇಳುತ್ತಿದ್ದೇನೆ. ಬ್ರೆಡ್ಡನ್ನು ಹೇಗೆ ಆರಿಸಬೇಕು, ಹೇಗೆ ಕತ್ತರಿಸಬೇಕು? ಕರಿಯ ಹದ ಯಾವುದು, ಅದಕ್ಕೆ ಯಾವ ಪುಡಿ? ಮಾಂಸ ತಿನ್ನದ ನಮ್ಮ ಅತ್ತೆಯವರಿಗಾಗಿ ಕಾಳಿನದನ್ನೂ ಮಾಡಬೇಕೆಂದಿದ್ದೇನೆ, ಆದರೆ ಅಲ್ಲಿ ‘ಶುಗರ್ ಬೀನ್ಸ್’ ಎನ್ನುವ ಕಾಳು ಇಲ್ಲಿ ಯಾವ ಹೆಸರಿನಲ್ಲಿ ಸಿಗುತ್ತದೆಯೋ ತಿಳಿಯದು. ಕೊನೆಯದಾಗಿ, ಮೊಲಕ್ಕೂ ಈ ತಿನಿಸಿಗೂ ಸಂಬಂಧವಿಲ್ಲ, ಬನ್ನಿ ಎಂದರೆ ಬನಿಯಾ ಎಂದು ಅಲ್ಲಿಯ ಅಂಗಡಿಯವರೊಬ್ಬರು ಹೇಳಿದರು. ಅದು ನಿಜವೇ?


ಉತ್ತರ 1 (ಬೆಂಗಳೂರಿನಿಂದ, ಹಿಂದೆ ಡರ್ಬನ್ನಿನಲ್ಲಿ ಇದ್ದವರು)

ನಿಮ್ಮ ಪ್ರಶ್ನೆಯನ್ನು ಓದಿ ಬಹಳ ಸಂತೋಷವಾಯಿತು. ಡರ್ಬನ್ನಿನ ದಕ್ಷಿಣಕ್ಕಿರುವ ಚಾಟ್ಸ್‌ವರ್ತ್‌ನಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಪಕ್ಕದ ಮನೆಯಲ್ಲಿ ತಮಿಳು ಮೂಲದ ಒಬ್ಬ ಹಿರಿಯರಿದ್ದರು, ಓಣಿಯವರೆಲ್ಲ ಅವರನ್ನು ಆಯಾ ಎಂದೇ ಕರೆಯುತ್ತಿದ್ದರು. ನನಗೆ ಈ ಅಡುಗೆ ಬಂದದ್ದು ಅವರ ಒಲೆಯ ಪಕ್ಕದಲ್ಲಿ ನಿಂತು ನೋಡಿ.

ಮೊದಲು ಬ್ರೆಡ್ಡಿನ ವಿಷಯ, ಏಕೆಂದರೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅಲ್ಲಿಯೇ ಇದೆ. ನೀವು ನಡುವಿನ ತುಂಡುಗಳನ್ನು ಆರಿಸಿಕೊಂಡಿರಿ. ಬ್ರೆಡ್ಡನ್ನು ಅಡ್ಡಲಾಗಿ ನಾಲ್ಕು ಭಾಗ ಮಾಡಿದಾಗ ಎರಡು ತುದಿಯ ಭಾಗಗಳಿಗೆ ಮಾತ್ರ ಒಂದು ಬದಿಯಲ್ಲಿ ಕಂದು ಬಣ್ಣದ ಗಟ್ಟಿ ಹೊರಪದರ ಇರುತ್ತದೆ. ನಡುವಿನ ತುಂಡುಗಳಿಗೆ ಸುತ್ತ ಪದರವಿದ್ದರೂ ಮೇಲೆ ಕೆಳಗೆ ಬರಿಯ ತಿರುಳು. ಅಂತಹ ತುಂಡನ್ನು ನಿಲ್ಲಿಸಿ ರಸ ತುಂಬಿದರೆ ತಳವಿಲ್ಲದ ಪಾತ್ರೆಗೆ ನೀರು ಹೊಯ್ದಂತೆಯೇ. ತುದಿಯ ತುಂಡನ್ನು ತೆಗೆದುಕೊಂಡು, ಆ ಗಟ್ಟಿ ಬದಿಯನ್ನು ಕೆಳಗೆ ಮಾಡಿ ನಿಲ್ಲಿಸಿ, ಕತ್ತರಿಸಿದ ಬದಿಯಿಂದ ತೋಡಬೇಕು. ಸುತ್ತಲೂ ಒಂದೂವರೆ ಸೆಂಟಿಮೀಟರಿನಷ್ಟು, ತಳದಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು ತಿರುಳು ಉಳಿಯಲಿ. ಚಾಕುವಿನಿಂದ ಅಂಚಿನಲ್ಲಿ ಗೀರು ಹಾಕಿ, ಆಮೇಲೆ ಬೆರಳಿನಿಂದ ಒಂದೇ ತುಂಡಾಗಿ ಎತ್ತಿದರೆ ಮುಚ್ಚಳವೂ ಚೆನ್ನಾಗಿ ಬರುತ್ತದೆ.

ಇಲ್ಲಿ ಅಳತೆಯ ಒಂದು ಮಾತು ಹೇಳಬೇಕು. ದಕ್ಷಿಣ ಆಫ್ರಿಕಾದ ಸಾಮಾನ್ಯ ಬ್ರೆಡ್ಡು 700 ಗ್ರಾಂ ತೂಗುತ್ತದೆ, ಅದರ ಕಾಲು ಭಾಗವೆಂದರೆ 175 ಗ್ರಾಂ. ನಮ್ಮ ಬೇಕರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 400 ಗ್ರಾಂನದು, ಅದರ ಕಾಲು ಭಾಗವೆಂದರೆ 100 ಗ್ರಾಂ ಮಾತ್ರ. ಅದರಲ್ಲಿ ಗೋಡೆ ಬಿಟ್ಟು ತೋಡಿದರೆ ಎರಡು ಚೂರು ಮಾಂಸ ಹಿಡಿಯುವಷ್ಟೂ ಜಾಗವಿರುವುದಿಲ್ಲ. ಆದ್ದರಿಂದ ಇಲ್ಲಿ ಬ್ರೆಡ್ಡನ್ನು ಸರಿಯಾಗಿ ಎರಡು ಭಾಗ ಮಾಡಿ. ಅವರ ಕಾಲಿಗೆ ನಮ್ಮ ಅರ್ಧ ಸಮ, ಮತ್ತು ಎರಡು ಅರ್ಧಗಳಿಗೂ ತಳಕ್ಕೆ ತುದಿಯ ಗಟ್ಟಿ ಪದರ ತಾನಾಗಿಯೇ ಒದಗುತ್ತದೆ.

ಒಲೆಯಿಂದ ಈಗಷ್ಟೇ ಇಳಿದ ಬ್ರೆಡ್ಡು ತಿನ್ನಲು ಸೊಗಸು, ಈ ಕೆಲಸಕ್ಕೆ ಬಾರದು. ಅದರೊಳಗೆ ಇನ್ನೂ ಹಬೆಯಿರುತ್ತದೆ, ಬೆರಳು ಒತ್ತಿದರೆ ಕುಗ್ಗುತ್ತದೆ. ಬೆಳಿಗ್ಗೆ ತಂದು ರಾತ್ರಿಗೆ ಬಳಸಿ, ಇಲ್ಲವೇ ಹಿಂದಿನ ದಿನದ್ದನ್ನು ಕೇಳಿ ತನ್ನಿ. ಹಾಲು ಬೆಣ್ಣೆ ಹೆಚ್ಚು ಹಾಕಿದ ಸಿಹಿ ಬ್ರೆಡ್ಡು ಬೇಡ, ಸಾದಾ ಬಿಳಿಯದೇ ಆಗಬೇಕು. ತುಪ್ಪ ಸವರುವುದು, ಕಾಯಿಸುವುದು ಯಾವುದೂ ಬೇಡ. ಅದರಿಂದ ಏನಾಗುತ್ತದೆ ಎಂಬುದನ್ನು ನೀವೇ ಕಂಡಿದ್ದೀರಿ. ರಸ ಒಳಗಿನ ತಿರುಳಿಗೆ ಇಳಿಯಬೇಕು, ಹೊರಗಿನ ಪದರವನ್ನು ದಾಟಬಾರದು. ಇಡೀ ಅಡುಗೆ ಇರುವುದೇ ಈ ಎರಡರ ನಡುವೆ.

ಇನ್ನು ಕರಿ. ಡರ್ಬನ್ನಿನ ಕರಿಗೆ ತೆಂಗಿನಕಾಯಿ, ಮೊಸರು, ಕೆನೆ ಯಾವುದೂ ಬೀಳುವುದಿಲ್ಲ. ಅದರ ಕೆಂಪು ಮೆಣಸಿನಿಂದ ಬರುತ್ತದೆ, ಅದರ ಗಟ್ಟಿತನ ಆಲೂಗಡ್ಡೆಯಿಂದ ಬರುತ್ತದೆ. 1 ಕಿಲೋ ಮೂಳೆಸಹಿತ ಕುರಿಮಾಂಸಕ್ಕೆ ನನ್ನ ಲೆಕ್ಕ ಹೀಗೆ: ದೊಡ್ಡ ಈರುಳ್ಳಿ 2, ಟೊಮೇಟೊ 2, ಆಲೂಗಡ್ಡೆ 400 ಗ್ರಾಂ, ಎಣ್ಣೆ 5 ದೊಡ್ಡ ಚಮಚ, ಶುಂಠಿ ಬೆಳ್ಳುಳ್ಳಿ ಅರೆದದ್ದು 2 ಚಮಚ, ಮಸಾಲೆ ಪುಡಿ 3 ದೊಡ್ಡ ಚಮಚ. ಅಲ್ಲಿ ಮಟನ್ ಎಂದರೆ ಕುರಿಯದೇ. ಅದರ ಕೊಬ್ಬು ರಸಕ್ಕೆ ಇಳಿದರೇ ಆ ರುಚಿ. ನೀವು ಮೈಸೂರಿನವರಾದ್ದರಿಂದ ಬನ್ನೂರು ಕುರಿಯ ಮಾಂಸ ಸಿಕ್ಕರೆ ಬೇರೆ ಏನನ್ನೂ ಹುಡುಕಬೇಡಿ.

ಎಣ್ಣೆ ಕಾದ ಮೇಲೆ ಒಂದು ದೊಡ್ಡ ತುಂಡು ಚಕ್ಕೆ, ಎರಡು ಪಲಾವ್ ಎಲೆ, ಮೂರು ಏಲಕ್ಕಿ, ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಸೋಂಪು ಹಾಕಿ ಸಿಡಿಸಿ. ಸೋಂಪನ್ನು ಬಿಡಬೇಡಿ, ಡರ್ಬನ್ನಿನ ಅಡುಗೆಮನೆಯ ಬಾಗಿಲಲ್ಲಿ ಮೂಗಿಗೆ ಮೊದಲು ಬರುವ ವಾಸನೆ ಅದೇ. ಆಮೇಲೆ ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕರಿಬೇವು. ಈರುಳ್ಳಿ ಕಂದು ಬಣ್ಣಕ್ಕೆ ತಿರುಗಿದಾಗ ಶುಂಠಿ ಬೆಳ್ಳುಳ್ಳಿ, ಅದರ ಹಸಿ ವಾಸನೆ ಹೋದ ಮೇಲೆ ಅರ್ಧ ಚಮಚ ಅರಿಸಿನ ಮತ್ತು ಮಸಾಲೆ ಪುಡಿ. ಪುಡಿ ಬಿದ್ದ ಕೂಡಲೇ ಉರಿ ತಗ್ಗಿಸಿ ಒಂದು ಸೌಟು ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಪುಡಿ ಸೀದು ಕರಿ ಕಹಿಯಾಗುತ್ತದೆ. ಆಯಾ ಈ ಹೊತ್ತಿನಲ್ಲಿ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಅಂಚಿನಲ್ಲಿ ಕೆಂಪು ಎಣ್ಣೆ ಬಿಟ್ಟುಕೊಂಡ ಮೇಲೆ ಮಾಂಸ ಮತ್ತು ಉಪ್ಪು ಹಾಕಿ, ನೀರು ಹಾಕದೆ ಹದಿನೈದು ನಿಮಿಷ ಮಾಂಸವನ್ನು ತನ್ನ ನೀರಿನಲ್ಲಿಯೇ ಬಾಡಿಸಿ, ಅನಂತರ ತುರಿದ ಟೊಮೇಟೊ ಮತ್ತು ಅರ್ಧ ಲೀಟರ್ ಬಿಸಿನೀರು ಸೇರಿಸಿ ಮುಚ್ಚಿಡಿ.

ಮಾಂಸ ಮುಕ್ಕಾಲು ಬೆಂದಾಗ ಆಲೂಗಡ್ಡೆ ಹಾಕುವುದು. ಹೊಸ ಆಲೂಗಡ್ಡೆ ಬೆಂದರೂ ಅಂಟಂಟಾಗಿ ಗಟ್ಟಿಯಾಗಿಯೇ ಉಳಿಯುತ್ತದೆ, ಹಳೆಯದಾದರೆ ಅಂಚು ಕರಗಿ ರಸಕ್ಕೆ ಹಿಟ್ಟು ಬಿಡುತ್ತದೆ. ನಮಗೆ ಬೇಕಾದದ್ದು ಹಳೆಯದು. ನಾಲ್ಕಾರು ಹೋಳುಗಳನ್ನು ಸೌಟಿನ ಹಿಂಬದಿಯಿಂದ ಹಿಸುಕಿ ರಸದಲ್ಲಿ ಬೆರೆಸಿದರೆ ಇನ್ನೂ ಒಳ್ಳೆಯದು. ಕೊನೆಯ ಹದ ಸಾರಿನದಲ್ಲ, ಹುಳಿಯದೂ ಅಲ್ಲ, ಗೊಜ್ಜಿನ ಹದ. ಸೌಟಿನಿಂದ ಪಾತ್ರೆಯ ತಳವನ್ನು ಗೀರಿದರೆ ಆ ಗೀರು ಒಂದೆರಡು ಕ್ಷಣ ನಿಂತು ಆಮೇಲೆ ಮುಚ್ಚಿಕೊಳ್ಳಬೇಕು. ಒಲೆ ಆರಿಸಿ, ಕೊತ್ತಂಬರಿ ಸೊಪ್ಪು ಹಾಕಿ, ಕನಿಷ್ಠ ಅರ್ಧ ಗಂಟೆ ಮುಚ್ಚಿಟ್ಟರೆ ರಸ ಇನ್ನಷ್ಟು ಕೂಡಿಕೊಳ್ಳುತ್ತದೆ. ಬಡಿಸುವಾಗ ಮತ್ತೆ ಬಿಸಿ ಮಾಡಿ, ಎಲ್ಲರೂ ಕುಳಿತ ಮೇಲೆಯೇ ಬ್ರೆಡ್ಡಿಗೆ ತುಂಬಿ: ಮೊದಲು ಮಾಂಸ ಮತ್ತು ಆಲೂಗಡ್ಡೆ, ಕೊನೆಗೆ ರಸ. ತುಂಬಿಟ್ಟು ಕಾಯಬಾರದು.

ಪುಡಿಗೆ ಬ್ಯಾಡಗಿ ಮೆಣಸಿನ ಪುಡಿ 4 ಪಾಲು, ಗುಂಟೂರಿನದು 1 ಪಾಲು, ಹುರಿದ ಕೊತ್ತಂಬರಿ ಬೀಜ 2 ಪಾಲು, ಜೀರಿಗೆ 1 ಪಾಲು, ಸೋಂಪು ಅರ್ಧ ಪಾಲು, ಒಂದು ಚಿಟಿಕೆ ಮೆಂತ್ಯ, ಸ್ವಲ್ಪ ಚಕ್ಕೆ ಲವಂಗ ಏಲಕ್ಕಿ. ಇದು ನಮ್ಮ ಮನೆಯಲ್ಲಿ ಕುದುರಿದ ಪ್ರಮಾಣ. ಸಾಂಬಾರ್ ಪುಡಿಯನ್ನು ಮಾತ್ರ ಬಳಸಬೇಡಿ. ಅದರಲ್ಲಿರುವ ಇಂಗು, ಬೇಳೆ ಮತ್ತು ಹೆಚ್ಚಿನ ಮೆಂತ್ಯ ಕರಿಯನ್ನು ಬೇರೆ ದಾರಿಗೆ ಒಯ್ಯುತ್ತವೆ.


ಉತ್ತರ 2 (ಧಾರವಾಡದಿಂದ, ನಿವೃತ್ತ ಇತಿಹಾಸ ಅಧ್ಯಾಪಕರು)

ಅಡುಗೆಯ ವಿಷಯದಲ್ಲಿ ಮೇಲಿನ ಉತ್ತರಕ್ಕೆ ನಾನು ಸೇರಿಸುವಂತಹುದು ಏನೂ ಇಲ್ಲ. ಹೆಸರಿನ ಬಗ್ಗೆ ಕೇಳಿದ್ದೀರಿ, ಅದಕ್ಕೆ ಮಾತ್ರ ಉತ್ತರಿಸುತ್ತೇನೆ.

ಮದ್ರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು 1860ರ ನವೆಂಬರ್ 16ರಂದು ಡರ್ಬನ್ ಬಂದರನ್ನು ಮುಟ್ಟಿತು. ನಟಾಲ್ ವಸಾಹತಿನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಭಾರತೀಯ ಕೂಲಿಕಾರರ ಮೊದಲ ತಂಡ ಅದರಲ್ಲಿತ್ತು. 1911ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಸುಮಾರು 1,52,000 ಜನ ಹೀಗೆ ಹೋಗಿದ್ದರು. ಅವರಲ್ಲಿ ಹೆಚ್ಚಿನವರು ಮದ್ರಾಸಿನಲ್ಲಿ ಹಡಗು ಹತ್ತಿದ ತಮಿಳು, ತೆಲುಗು ಜನ. ಉಳಿದವರು ಕಲ್ಕತ್ತೆಯ ಮೂಲಕ ಹೋದ ಉತ್ತರದವರು. ಡರ್ಬನ್ನಿನ ಒಂದೇ ಕರಿಯಲ್ಲಿ ದಕ್ಷಿಣದ ಕರಿಬೇವೂ ಉತ್ತರದ ಗರಂ ಮಸಾಲೆಯ ಹದವೂ ಕೂಡಿಕೊಂಡಿರುವುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುತ್ತದೆ. 1870ರ ದಶಕದಿಂದ ತಮ್ಮದೇ ಖರ್ಚಿನಲ್ಲಿ ವ್ಯಾಪಾರಕ್ಕೆಂದು ಹೋದ ಗುಜರಾತಿಗಳದು ಬೇರೆಯೇ ಗುಂಪು. ಡರ್ಬನ್ನಿನ ಗ್ರೇ ಸ್ಟ್ರೀಟ್ ಸುತ್ತಮುತ್ತ ಅವರ ಅಂಗಡಿಗಳೂ ಭೋಜನಗೃಹಗಳೂ ಬೆಳೆದವು. ಆ ಬೀದಿಗೆ ಈಗ ಡಾಕ್ಟರ್ ಯೂಸುಫ್ ದಾದೂ ಅವರ ಹೆಸರಿದೆ.

ಆ ವರ್ತಕರನ್ನು ಜನ ಬನಿಯಾಗಳೆಂದು ಕರೆಯುತ್ತಿದ್ದರು. ಅಲ್ಲಿಯ ಇಂಗ್ಲಿಷ್ ಆಡುಮಾತಿನಲ್ಲಿ ಚೌ ಎಂದರೆ ಊಟ. ಬನಿಯಾನ ಅಂಗಡಿಯ ಊಟ ಬನ್ನಿ ಚೌ ಆಯಿತು ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ, ನಿಮಗೆ ಅಂಗಡಿಯವರು ಹೇಳಿದ್ದು ಇದನ್ನೇ. ಬನಿಯಾಗಳು ಸಸ್ಯಾಹಾರಿಗಳಾದ್ದರಿಂದ ಮೊದಲು ಬ್ರೆಡ್ಡಿಗೆ ತುಂಬಿದ್ದು ಕಾಳಿನ ಕರಿ, ಮಾಂಸ ಬಂದದ್ದು ಆಮೇಲೆ ಎಂಬ ಮಾತೂ ಇದರ ಜೊತೆಗೇ ಬರುತ್ತದೆ.

ಬ್ರೆಡ್ಡೇ ಏಕೆ ಎಂಬುದಕ್ಕೆ ಡರ್ಬನ್ನಿನಲ್ಲಿ ಹಲವು ಕಥೆಗಳಿವೆ. ಗಾಲ್ಫ್ ಮೈದಾನದಲ್ಲಿ ದುಡಿಯುವ ಹುಡುಗರಿಗೆ ಊಟಕ್ಕೆ ಹೋಗುವಷ್ಟು ಬಿಡುವಿರಲಿಲ್ಲ, ಅವರಿಗೆ ಹೀಗೆ ಕಟ್ಟಿ ಕಳಿಸುತ್ತಿದ್ದರು ಎನ್ನುವುದು ಒಂದು. ರೊಟ್ಟಿಯಲ್ಲಿ ಸುತ್ತಿದ ಕರಿ ದಾರಿಯಲ್ಲಿ ಸೋರಿಹೋಗುತ್ತಿದ್ದುದರಿಂದ ಬ್ರೆಡ್ಡನ್ನು ಡಬ್ಬಿಯಂತೆ ಬಳಸಿದರು ಎನ್ನುವುದು ಇನ್ನೊಂದು. ಮನಸ್ಸಿಗೆ ನಾಟುವುದು ಮೂರನೆಯದು. ಬಿಳಿಯರಲ್ಲದವರು ಎಲ್ಲಿ ಕುಳಿತು ಉಣ್ಣಬಹುದು, ಎಲ್ಲಿ ಉಣ್ಣಬಾರದು ಎಂಬುದನ್ನು ವರ್ಣಭೇದದ ಸರ್ಕಾರ ಕಾನೂನು ಮಾಡಿ ಗೆರೆ ಎಳೆದಿದ್ದ ಕಾಲ ಅದು. ಭೋಜನಗೃಹದ ಒಳಗೆ ಕೂರಿಸಲಾಗದ ಆಫ್ರಿಕನ್ ಗಿರಾಕಿಗಳಿಗೆ ಹಿಂಬಾಗಿಲಿನಿಂದಲೋ ಕಿಟಕಿಯಿಂದಲೋ ಊಟ ಕೊಡಬೇಕಿತ್ತು. ತಟ್ಟೆ ಕೊಟ್ಟರೆ ಮರಳಿ ಬರುವಂತಿಲ್ಲ, ತಟ್ಟೆಯೂ ಊಟವೂ ಒಂದೇ ಆಗಿರುವ ಬ್ರೆಡ್ಡು ಇದಕ್ಕೆ ಒದಗಿತು. ಈ ಮೂರೂ ಬಾಯಿಂದ ಬಾಯಿಗೆ ಬಂದ ಕಥೆಗಳು. ಮೊದಲ ಉತ್ತರದವರು ಹೇಳಿದ ಚಾಟ್ಸ್‌ವರ್ತ್ ಕೂಡ ಅದೇ ಕಾಲದ ಕೂಸು. 1950ರ ಗ್ರೂಪ್ ಏರಿಯಾಸ್ ಕಾಯಿದೆಯ ಬಲದಿಂದ, ನಗರದ ಒಳಗೆ ನೆಲೆಸಿದ್ದ ಭಾರತೀಯರನ್ನು ಎಬ್ಬಿಸಿ, 1960ರ ದಶಕದಲ್ಲಿ ಅಲ್ಲಿಗೆ ಸಾಗಿಸಿದರು. ಆಯಾ ಅವರ ಒಲೆ ಚಾಟ್ಸ್‌ವರ್ತ್‌ನಲ್ಲಿ ಉರಿಯುತ್ತಿದ್ದುದರ ಹಿಂದೆ ಈ ಕಥೆಯೂ ಇರಬಹುದು.


ಉತ್ತರ 3 (ಹಾಸನದಿಂದ)

ಅತ್ತೆಯವರಿಗಾಗಿ ಕಾಳಿನದನ್ನು ಮಾಡಬೇಕೆಂದಿದ್ದೀರಲ್ಲ, ನಾನು ಮಾಡುವುದು ಅದೊಂದನ್ನೇ. ಶುಗರ್ ಬೀನ್ಸ್ ಎಂದರೆ ತಿಳಿ ಕೆನೆಬಣ್ಣದ ಮೈಮೇಲೆ ಕೆಂಪು ಚುಕ್ಕೆ, ಗೆರೆಗಳಿರುವ ಹುರುಳಿಕಾಯಿ ಜಾತಿಯ ಕಾಳು. ನಮ್ಮ ದಿನಸಿ ಅಂಗಡಿಗಳಲ್ಲಿ ಚಿತ್ರಾ ರಾಜ್ಮಾ ಎಂಬ ಹೆಸರಿನಲ್ಲಿ ಸಿಗುವುದು ಅದಕ್ಕೆ ಬಹಳ ಹತ್ತಿರ. ಕಡುಗೆಂಪು ರಾಜ್ಮಾ ಬೇಡ, ಅದರ ಸಿಪ್ಪೆ ದಪ್ಪ, ರಸಕ್ಕೆ ಕರಗುವುದಿಲ್ಲ. ತರಕಾರಿ ಅಂಗಡಿಯಲ್ಲಿ ಹಸಿ ಬೀನ್ಸ್ ಕಾಳು ಸುಲಿದು ಮಾರುವ ಕಾಲದಲ್ಲಿ ಅದನ್ನೂ ಬಳಸಬಹುದು; ಡರ್ಬನ್ನಿನಲ್ಲಿಯೂ ಹಸಿ ಕಾಳಿಗೆ ಗಡ್ರಾ ಬೀನ್ಸ್ ಎಂಬ ಬೇರೆ ಹೆಸರೇ ಇದೆ.

300 ಗ್ರಾಂ ಒಣಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಐದಾರು ಕೂಗು ಬೇಯಿಸಿ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಈ ಜಾತಿಯ ಕಾಳುಗಳಲ್ಲಿ ಲೆಕ್ಟಿನ್ ಎಂಬ ಬಗೆಯ ಪ್ರೋಟೀನು ಇರುತ್ತದೆ. ಅರೆಬೆಂದ ಕಾಳು ತಿಂದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಕೊತಕೊತ ಕುದಿದರೆ ಅದು ನಾಶವಾಗುತ್ತದೆ, ಬರಿಯ ಬೆಚ್ಚಗಿನ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಆಗುವುದಿಲ್ಲ. ನಿಧಾನ ಬೇಯಿಸುವ ವಿದ್ಯುತ್ ಪಾತ್ರೆಗೆ ನೆನೆಸಿದ ಕಾಳನ್ನು ನೇರವಾಗಿ ಹಾಕಬಾರದು. ಕುಕ್ಕರ್ ಇಲ್ಲದವರು ಅರ್ಧ ಗಂಟೆ ಜೋರಾಗಿ ಕುದಿಸಿ, ಆಮೇಲೆ ಉರಿ ತಗ್ಗಿಸಿ ಮೆತ್ತಗಾಗುವವರೆಗೆ ಬೇಯಿಸಲಿ.

ಒಗ್ಗರಣೆ, ಈರುಳ್ಳಿ, ಪುಡಿ ಎಲ್ಲವೂ ಮೊದಲ ಉತ್ತರದಲ್ಲಿ ಇರುವಂತೆಯೇ, ಪುಡಿ ಮಾತ್ರ 2 ಚಮಚ ಸಾಕು. ಬೆಂದ ಕಾಳನ್ನು ಅದರ ನೀರಿನೊಂದಿಗೇ ಸೇರಿಸಿ, ಎರಡು ಸೌಟಿನಷ್ಟನ್ನು ಪಾತ್ರೆಯಲ್ಲಿಯೇ ಮಸೆದುಬಿಡಿ. ಇಲ್ಲಿ ಹಿಸುಕಿದ ಕಾಳೇ ರಸವನ್ನು ಗಟ್ಟಿ ಮಾಡುವುದರಿಂದ ಆಲೂಗಡ್ಡೆ ಬೇಕೆಂದೇನೂ ಇಲ್ಲ. ನನ್ನ ಅನುಭವದಲ್ಲಿ ಕಾಳಿನ ಕರಿಯೇ ಮಾಂಸದ ಕರಿಗಿಂತ ಬ್ರೆಡ್ಡಿಗೆ ಹೆಚ್ಚು ಒಗ್ಗುತ್ತದೆ; ಎಣ್ಣೆ ಮೇಲೆ ತೇಲುವುದಿಲ್ಲ, ರಸ ಒಂದೇ ಸಮನಾಗಿ ಇಳಿಯುತ್ತದೆ.


ಉತ್ತರ 4 (ಮಂಗಳೂರಿನಿಂದ)

ಒಂದು ಸಂದೇಹವಿದೆ. ಮಾಂಸದ ಕರಿಗೆ ಕೊನೆಯಲ್ಲಿ ಅರ್ಧ ಬಟ್ಟಲು ತೆಂಗಿನಕಾಯಿಯ ಗಟ್ಟಿ ಹಾಲು ಹಾಕಿದರೆ ರಸವೂ ದಪ್ಪಗಾಗುತ್ತದೆ, ಖಾರವೂ ತಗ್ಗುತ್ತದೆ. ನಮ್ಮ ಕಡೆ ಕೋಳಿ ಸುಕ್ಕವನ್ನು ಬನ್ನಿನೊಂದಿಗೆ ತಿನ್ನುವಾಗ ಕಾಯಿಯಿಲ್ಲದ ಮಸಾಲೆಯನ್ನು ಊಹಿಸಿಕೊಳ್ಳಲೂ ಆಗುವುದಿಲ್ಲ. ಇಲ್ಲಿ ಅದನ್ನು ಅಷ್ಟು ಕಟ್ಟುನಿಟ್ಟಾಗಿ ಬೇಡವೆನ್ನುವುದೇಕೆ?


ಉತ್ತರ 1ರವರಿಂದ ಮತ್ತೆ

ನೀವು ಹೇಳುವ ಅಡುಗೆ ಖಂಡಿತವಾಗಿ ರುಚಿಯಾಗಿರುತ್ತದೆ, ಆದರೆ ಅದು ಬೇರೆ ಅಡುಗೆ. ಡರ್ಬನ್ನಿನ ಮನೆಗಳಲ್ಲಿ ಈ ಕರಿಗೆ ಕಾಯಿ ಹಾಕಿದ್ದನ್ನು ನಾನು ಕಂಡಿಲ್ಲ. ಬಾಯಿಗೆ ಮೊದಲು ತಗುಲಬೇಕಾದದ್ದು ಮೆಣಸು ಮತ್ತು ಟೊಮೇಟೊದ ಹುಳಿ. ತೆಂಗಿನ ಹಾಲು ಆ ಎರಡನ್ನೂ ಮರೆಮಾಡುತ್ತದೆ. ಬ್ರೆಡ್ಡಿನಲ್ಲಿಯೇ ಒಂದು ಬಗೆಯ ಸಿಹಿ ಇದೆ, ಆದ್ದರಿಂದ ಖಾರವನ್ನು ತಗ್ಗಿಸುವ ಕೆಲಸ ಅದಕ್ಕೇ ಸೇರಿದ್ದು. ಜೊತೆಗೆ ತೆಂಗಿನ ಹಾಲು ಮರುಬಿಸಿಯಲ್ಲಿ ಒಡೆದು ನೀರು ಬೇರೆ, ಎಣ್ಣೆ ಬೇರೆಯಾದರೆ ಆ ತೆಳು ನೀರು ನೇರವಾಗಿ ತಳಕ್ಕೆ ಇಳಿಯುತ್ತದೆ, ನಮ್ಮ ಮೈಸೂರಿನ ಸಹೋದರಿಯವರ ತೊಂದರೆ ಮತ್ತೆ ಮೊದಲಾಗುತ್ತದೆ.

ಖಾರಕ್ಕೆ ಅಲ್ಲಿ ಪಕ್ಕದಲ್ಲಿ ಸಾಂಬಾಲ್ ಕೊಡುತ್ತಾರೆ. ಕ್ಯಾರೆಟ್ ತುರಿ, ತೆಳ್ಳಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಮೇಲೆ ಸ್ವಲ್ಪ ವಿನಿಗರ್. ನಮ್ಮ ಕೋಸಂಬರಿಗೆ ಹತ್ತಿರದ್ದು. ಅದನ್ನು ಬಿಡಬೇಡಿ.

ತಿನ್ನುವ ಕ್ರಮವನ್ನು ಹೇಳುವುದು ಮರೆತಿದ್ದೆ, ಅದು ತಿಳಿಯದಿದ್ದರೆ ಚೆನ್ನಾಗಿ ಮಾಡಿದ್ದೂ ತಟ್ಟೆಯ ಪಾಲಾಗುತ್ತದೆ. ಮೊದಲು ಮೇಲಿಟ್ಟ ತಿರುಳನ್ನು ಮುರಿದು ರಸದಲ್ಲಿ ಅದ್ದಿ ತಿನ್ನಬೇಕು. ರಸದ ಮಟ್ಟ ಇಳಿಯುತ್ತ ಹೋದಂತೆ ಗೋಡೆಯನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಹರಿದುಕೊಳ್ಳಬೇಕು. ರಸವಿರುವ ಮಟ್ಟಕ್ಕಿಂತ ಕೆಳಗೆ ಗೋಡೆಗೆ ಕೈ ಹಾಕಬಾರದು, ಹಾಕಿದರೆ ಕೆರೆಯ ಏರಿ ಒಡೆದಂತೆ. ಮುದ್ದೆ ಉಂಡು ಅಭ್ಯಾಸವಿರುವವರಿಗೆ ಎಷ್ಟು ಮುರಿಯಬೇಕು, ಎಷ್ಟು ಅದ್ದಬೇಕು ಎಂಬುದು ಬೆರಳಿಗೇ ತಿಳಿದಿರುತ್ತದೆ.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಸಣ್ಣ ಪ್ರಶ್ನೆ ಉಳಿದಿದೆ. ಮಾಂಸವನ್ನು ಕುಕ್ಕರಿನಲ್ಲಿ ಬೇಯಿಸಬಹುದೇ, ತೆರೆದ ಪಾತ್ರೆಯೇ ಆಗಬೇಕೇ?


ಉತ್ತರ 1ರವರಿಂದ ಮತ್ತೆ

ಕುಕ್ಕರ್ ಆಗಬಹುದು, ಆದರೆ ಬಾಡಿಸುವವರೆಗಿನ ಕೆಲಸವನ್ನು ತೆರೆದ ಪಾತ್ರೆಯಲ್ಲಿ ಮಾಡಿದಂತೆಯೇ ಮುಗಿಸಿ, ನೀರನ್ನು ಅರ್ಧ ಲೀಟರಿನಿಂದ ಒಂದು ಲೋಟಕ್ಕೆ ಇಳಿಸಿ. ಕುಕ್ಕರಿನಲ್ಲಿ ಹಬೆ ಹೊರಗೆ ಹೋಗದ ಕಾರಣ ನೀರು ಇಂಗುವುದಿಲ್ಲ. ನಿಮ್ಮ ಮೊದಲ ಪ್ರಯತ್ನದ ರಸ ತೆಳುವಾಗಿದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಎಳೆಯ ಮಾಂಸವಾದರೆ ಮೂರು ಕೂಗಿಗೆ ನಿಲ್ಲಿಸಿ, ಮುಚ್ಚಳ ತೆಗೆದ ಮೇಲೆ ಆಲೂಗಡ್ಡೆ ಹಾಕಿ ತೆರೆದೇ ಬೇಯಿಸಿ. ಆಲೂಗಡ್ಡೆಯನ್ನು ಮಾಂಸದ ಜೊತೆಗೇ ಕುಕ್ಕರಿಗೆ ಹಾಕಿದರೆ ಒಂದು ಹೋಳೂ ಉಳಿಯುವುದಿಲ್ಲ, ತಿನ್ನುವಾಗ ಕಚ್ಚಲು ಆಲೂಗಡ್ಡೆಯೂ ಬೇಕು.


ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ನಿನ್ನೆ ಭಾನುವಾರ ಎರಡನ್ನೂ ಮಾಡಿದೆ. ಶನಿವಾರ ಬೆಳಿಗ್ಗೆ ಬೇಕರಿಯಿಂದ ಎರಡು ಬ್ರೆಡ್ಡುಗಳನ್ನು ಹೋಳು ಮಾಡಿಸದೆ ತಂದು ಬಟ್ಟೆಯಲ್ಲಿ ಸುತ್ತಿಟ್ಟೆ. ಅರ್ಧಕ್ಕೆ ಕತ್ತರಿಸಿ, ತುದಿಯನ್ನು ಕೆಳಗೆ ಮಾಡಿ ನಿಲ್ಲಿಸಿದಾಗಲೇ, ಡರ್ಬನ್ನಿನ ಅಂಗಡಿಯಲ್ಲಿ ಕಾಗದದ ಮೇಲೆ ಇಟ್ಟುಕೊಡುತ್ತಿದ್ದ ಆಕಾರ ಕಣ್ಣಿಗೆ ಬಂತು. ಇಷ್ಟು ದಿನ ಅಷ್ಟು ಸಲ ತಿಂದರೂ ಅದರ ತಳ ಯಾವುದೆಂದು ನಾನು ತಿರುಗಿಸಿ ನೋಡಿರಲಿಲ್ಲ.

ಬನ್ನೂರು ಕುರಿ ಸಿಗಲಿಲ್ಲ, ಸಿಕ್ಕ ಕುರಿಮಾಂಸದಲ್ಲಿಯೇ ಮಾಡಿದೆ. ಪುಡಿ ಹಾಕಿದ ಹೊತ್ತಿನಲ್ಲಿ ಆಯಾ ಅವರನ್ನು ನೆನೆದು ಮಾತನಾಡದೆ ನಿಂತೆ, ಸೀಯಲಿಲ್ಲ. ಗೀರು ನಿಲ್ಲುವ ಹದ ಬರಲು ಕುಕ್ಕರಿನ ಮುಚ್ಚಳ ತೆಗೆದ ಮೇಲೂ ಇಪ್ಪತ್ತೈದು ನಿಮಿಷ ಬೇಕಾಯಿತು. ತುಂಬಿದ ಮೇಲೆ ಅರ್ಧ ಗಂಟೆಯಾದರೂ ಬ್ರೆಡ್ಡು ನಿಂತೇ ಇತ್ತು. ಒಂದು ತಪ್ಪೆಂದರೆ ಒಂದರಲ್ಲಿ ಗೋಡೆಯನ್ನು ತೀರ ದಪ್ಪ ಬಿಟ್ಟೆ, ಅದರಲ್ಲಿ ಬ್ರೆಡ್ಡು ಹೆಚ್ಚಾಗಿ ರಸ ಸಾಲದೆ ಹೋಯಿತು. ಒಂದೂವರೆ ಸೆಂಟಿಮೀಟರು ಎಂದರೆ ಅಷ್ಟೇ, ಕೈಯಳತೆಯಲ್ಲಿ ಮಾಡಬಾರದು.

ಚಿತ್ರಾ ರಾಜ್ಮಾದ್ದು ನಮ್ಮ ಅತ್ತೆಯವರಿಗೆ. ಕೈಯಲ್ಲಿ ಬ್ರೆಡ್ಡಿನ ಗೋಡೆ ಹರಿದು ತಿನ್ನುವುದು ಅವರಿಗೆ ಮೊದಮೊದಲು ಸರಿಯೆನಿಸಲಿಲ್ಲ, ಪಕ್ಕದಲ್ಲಿ ಚಮಚ ಇಟ್ಟುಕೊಂಡೇ ಕುಳಿತರು. ಮುಚ್ಚಳದ ತಿರುಳು ಮುಗಿಯುವ ಹೊತ್ತಿಗೆ ಚಮಚವನ್ನು ಬದಿಗೆ ಸರಿಸಿದ್ದರು. ಕಾಳೆಲ್ಲ ಮುಗಿದು, ರಸ ಕುಡಿದು ಕೆಂಪಾಗಿ ಮೆತ್ತಗಾಗಿದ್ದ ತಳದ ತುಂಡೊಂದು ಉಳಿದಾಗ, ಅದನ್ನು ಎರಡು ಭಾಗ ಮಾಡಿ ಒಂದನ್ನು ನನ್ನ ತಟ್ಟೆಗೆ ಹಾಕಿ, ಮುಂದಿನ ವಾರ ಸೋಂಪು ಇನ್ನೂ ಸ್ವಲ್ಪ ಹೆಚ್ಚು ಹಾಕು ಎಂದರು.